ಪರದೆಯ ಮುಂದೆ ಹಾಡು, ಹಾಡಿನ ಹಿಂದೆ ಬಣ್ಣ

ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಕುರುಂದವಾಡ ಗಾಯಕ ವಿಷ್ಣು ದಿಗಂಬರ ಪಲುಸ್ಕರರ ಹುಟ್ಟೂರು. ಹತ್ತಿರದ ಇಚಲಕರಂಜಿ ಗಾಯಕ ಬಾಳಕೃಷ್ಣಬುವಾ ಅವರ ಹೆಸರಿನೊಂದಿಗೇ ಬೆಸೆದುಕೊಂಡಿದೆ. ಮಿರಜದಲ್ಲಿ ಅಬ್ದುಲ್ ಕರೀಂ ಖಾನರು ನೆಲೆ ನಿಂತರು. ಕನ್ನಡ, ಮರಾಠಿ ಎರಡೂ ಆಡುವ ಈ ಗಡಿಸೀಮೆಯನ್ನು ಸಂಗೀತದ ತವರು ಎನ್ನುತ್ತೇವೆ. ಅದು ಅರ್ಧ ಮಾತು. ಚಿತ್ರಕಲೆಗೂ ಇದು ತವರೇ. ಎರಡೂ ಇಲ್ಲಿ ಒಂದೇ ಸೂರಿನಡಿ ಬೆಳೆದವು.

ಕೊಲ್ಹಾಪುರದ ಶಾಹೂ ಮಹಾರಾಜರ ಆಶ್ರಯದಲ್ಲಿ ಅಲ್ಲಾದಿಯಾ ಖಾನರು ಹಾಡುತ್ತಿದ್ದ ಕಾಲದಲ್ಲಿ, ಅದೇ ಆಶ್ರಯದಲ್ಲಿ ಅಬಾಲಾಲ್ ರೆಹಮಾನ್ ನಿಸರ್ಗಚಿತ್ರ ಬರೆಯುತ್ತಿದ್ದರು. ಆದರೆ ಗಾಯಕನೂ ಚಿತ್ರಗಾರನೂ ನಿಜಕ್ಕೂ ಕೂಡಿ ದುಡಿದದ್ದು ಸಂಗೀತ ನಾಟಕದ ಅಟ್ಟದ ಮೇಲೆ. ಕೊಲ್ಹಾಪುರದ ಗಾಯಕನಟ ಕೇಶವರಾವ್ ಭೋಸಲೆ ತಮ್ಮ ಲಲಿತಕಲಾದರ್ಶ ನಾಟಕ ಮಂಡಳಿಯನ್ನು 1908ರಲ್ಲಿ ಕಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಆ ಕಾಲದ ಸಂಗೀತ ನಾಟಕ ಕಂಪನಿಗಳಿಗೆ ಪರದೆ ಬರೆದುಕೊಟ್ಟವರಲ್ಲಿ ಆನಂದರಾವ್ ಪೇಂಟರ್, ಬಾಬುರಾವ್ ಪೇಂಟರ್ ಎಂಬ ಸೋದರಸಂಬಂಧಿಗಳು ಹೆಸರಾದವರು.

ಆ ಪರದೆಯ ಕೆಲಸ ಎಂಥದೆಂದು ಸ್ವಲ್ಪ ನಿಂತು ಯೋಚಿಸಬೇಕು. ನಟ ಪದ ಎತ್ತಿಕೊಂಡನೆಂದರೆ ಕಥೆ ಅಲ್ಲೇ ನಿಲ್ಲುತ್ತದೆ. ಆಲಾಪ, ತಾನ, ಮೇಲೊಂದು ವನ್ಸ್ ಮೋರ್. ಅಷ್ಟು ಹೊತ್ತೂ ಪ್ರೇಕ್ಷಕನ ಕಿವಿ ಹಾಡಿನಲ್ಲಿ, ಕಣ್ಣು ಹಿಂದಿನ ಅರಮನೆಯ ಕಂಬಗಳಲ್ಲಿ, ಕಾಡಿನ ಹಸಿರಿನಲ್ಲಿ. ಒಂದು ರಾಗ ಬಿಚ್ಚಿಕೊಳ್ಳುವಷ್ಟು ಕಾಲ ನೋಡಿದರೂ ಬೇಸರ ತರದ, ಆದರೆ ಗಾಯಕನನ್ನು ಮರೆಸದ ಚಿತ್ರ ಬೇಕು. ಇದನ್ನು ಬಲ್ಲ ಚಿತ್ರಗಾರ ಸಂಗೀತವನ್ನೂ ಬಲ್ಲವನೇ. ಅದೇ ಬಾಬುರಾವ್ ಮುಂದೆ ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿ, 1920ರಲ್ಲಿ ‘ಸೈರಂಧ್ರಿ’ ಎಂಬ ಮೂಕಿ ಚಿತ್ರ ತೆಗೆದರು.

ಹಾಡು-ಚಿತ್ರಗಳ ಈ ನಂಟು ಇನ್ನೂ ಹಳೆಯದು. ಈ ಸೀಮೆಯೂ ಒಂದು ಕಾಲಕ್ಕೆ ಬಿಜಾಪುರದ ಆಳ್ವಿಕೆಯಲ್ಲಿತ್ತು. ಅಲ್ಲಿನ ಸುಲ್ತಾನ ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹ ದಖನಿಯಲ್ಲಿ ಬರೆದ ‘ಕಿತಾಬ್-ಎ-ನವರಸ್’ ಹಾಡಿನ ಪುಸ್ತಕವಾದರೂ ಅದರಲ್ಲಿ ರಾಗಗಳಿಗೆ ರೂಪವಿದೆ. ಅಲ್ಲಿ ಭೈರವ ರಾಗ ಕರ್ಪೂರದಂತೆ ಬೆಳ್ಳಗಿನ, ಹಣೆಯಲ್ಲಿ ಚಂದ್ರನಿರುವ ಶಿವನಾಗಿ ಕಾಣುತ್ತದೆ. ಆ ಸುಲ್ತಾನ ತಂಬೂರ ನುಡಿಸುತ್ತಿರುವ ಚಿತ್ರವನ್ನು ಚಿತ್ರಕಾರ ಫರ್ರುಖ್ ಬೇಗ್ ಬರೆದ. ಅದು ಈಗ ಪ್ರಾಗ್ ನಗರದಲ್ಲಿದೆ. ಮೈಸೂರು ಸೀಮೆಗೆ ಬಂದರೆ, ಚಿತ್ರಕಾರ ಕೆ. ವೆಂಕಟಪ್ಪನವರು ವೀಣೆ ಶೇಷಣ್ಣನವರ ಶಿಷ್ಯರಾಗಿ ವರ್ಷಗಟ್ಟಲೆ ವೀಣೆಗೆ ತಮ್ಮನ್ನು ಕೊಟ್ಟುಕೊಂಡರು.

ಇಂದೂ ಮಿರಜದ ತಂಬೂರಿ ತಯಾರಕರ ಕೈಯಲ್ಲಿ ಈ ಎರಡು ವಿದ್ಯೆ ಬೇರೆಯಾಗಿಲ್ಲ. ಸೋರೆಬುರುಡೆ ಆರಿಸಿ, ಮರ ಕೂಡಿಸಿ, ಹೂಬಳ್ಳಿಯ ನಕ್ಷೆ ತುಂಬಿ, ಬಣ್ಣವೇರಿಸಿ, ಕಡೆಗೆ ತಂತಿ ಕೂರುವ ಕುದುರೆಯನ್ನು ಉಜ್ಜಿ ಉಜ್ಜಿ ನಾದಕ್ಕೆ ಜವಾರಿ ಹಿಡಿಸುತ್ತಾರೆ. ನಕ್ಷೆಗೆ ಕಣ್ಣು ಬೇಕು, ಜವಾರಿಗೆ ಕಿವಿ ಬೇಕು.

ನಮ್ಮ ಶಾಲೆಗಳು ಮಾತ್ರ ಇವನ್ನು ಎರಡು ಕೋಣೆಗಳಲ್ಲಿ ಕೂರಿಸಿವೆ. ಚಿತ್ರಕಲೆಯ ವಿದ್ಯಾರ್ಥಿ ಬೈಠಕ್ಕಿಗೆ ಬರುವುದಿಲ್ಲ, ಸಂಗೀತದ ವಿದ್ಯಾರ್ಥಿ ಪ್ರದರ್ಶನದ ಕಡೆ ಹಾಯುವುದಿಲ್ಲ. ಇದರಿಂದ ಎರಡೂ ಕಲೆ ಬಡವಾಗಿವೆ. ಹಳೆಯ ನಂಟಿನ ಕುರುಹುಗಳೂ ಕೈತಪ್ಪುತ್ತಿವೆ. 2024ರ ಆಗಸ್ಟ್ 8ರ ರಾತ್ರಿ ಕೊಲ್ಹಾಪುರದ ಕೇಶವರಾವ್ ಭೋಸಲೆ ನಾಟ್ಯಗೃಹ ಬೆಂಕಿಗೆ ತುತ್ತಾಯಿತು. ಶಾಹೂ ಮಹಾರಾಜರು 1915ರಲ್ಲಿ ಕಟ್ಟಿಸಿದ ರಂಗಮಂದಿರ ಅದು. ಕಟ್ಟಡವನ್ನು ಮತ್ತೆ ಕಟ್ಟಬಹುದು, ಸುಟ್ಟ ಪರದೆಯನ್ನು ಮರಳಿ ತರಲಾಗದು.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ, ಊರಿನ ಮಠದಲ್ಲಿ, ನಿಂತುಹೋದ ನಾಟಕ ಕಂಪನಿಯ ಪೆಟ್ಟಿಗೆಯಲ್ಲಿ ಹಳೆಯ ಪರದೆ ಇದ್ದರೆ ಅದನ್ನು ಮಾರಬೇಡಿ, ಮಡಚಿಡಬೇಡಿ. ಸುತ್ತಿ ಒಣ ಜಾಗದಲ್ಲಿಡಿ, ಫೋಟೊ ತೆಗೆಸಿ. ಬರೆದವರು ಯಾರು, ಅದರ ಮುಂದೆ ಹಾಡಿದವರು ಯಾರು ಎಂದು ಹಿರಿಯರನ್ನು ಕೇಳಿ ಬರೆದು ನಮಗೆ ಕಳಿಸಿ. ಬಂದದ್ದನ್ನು ನಾವು ಪ್ರಕಟಿಸುತ್ತೇವೆ.