ಹೊರನಾಡಿನ ಕಾವಲುಗಾರ

ಹೊಟ್ಟೆಪಾಡಿಗಾಗಿ ಊರು ಬಿಟ್ಟವನು ತಾಯ್ನಾಡಿಗೆ ಎರವಾದನೆಂದು ಕೆಲವರು ಹೇಳುವುದುಂಟು. ಆ ಮಾತನ್ನು ನಾವು ಒಪ್ಪಲಾರೆವು. ಕಾಲ್ಚೆಂಡಾಟವನ್ನು ಮೆಚ್ಚುವ ನಮ್ಮ ವಿದ್ಯಾರ್ಥಿಗಳು ಉರುಗ್ವೆಯ ಡಿಯೆಗೊ ಗೊಡಿನ್ ಎಂಬ ಆಟಗಾರನ ಬಾಳನ್ನು ನೋಡಲಿ.

ಉರುಗ್ವೆ ಸುಮಾರು 35 ಲಕ್ಷ ಜನರ ಪುಟ್ಟ ದೇಶ. ಆದರೂ 1930 ಮತ್ತು 1950ರಲ್ಲಿ ವಿಶ್ವಕಪ್ಪನ್ನು ಗೆದ್ದಿತು. ಅಲ್ಲಿ 1986ರಲ್ಲಿ ಜನಿಸಿದ ಗೊಡಿನ್ 2007ರಲ್ಲಿ ಸ್ಪೇನಿಗೆ ತೆರಳಿದನು. ವಿಲ್ಲಾರಿಯಲ್ ತಂಡದಲ್ಲಿ ಮೂರು ವರ್ಷ, ಅಟ್ಲೆಟಿಕೊ ಮ್ಯಾಡ್ರಿಡ್ ತಂಡದಲ್ಲಿ ಒಂಬತ್ತು ವರ್ಷ ರಕ್ಷಕನಾಗಿ ದುಡಿದನು. ತಡೆಯುವುದು ರಕ್ಷಕನ ಕೆಲಸ. ಚಪ್ಪಾಳೆಯೆಲ್ಲ ಗೋಲು ಹೊಡೆದವನಿಗೆ. ಆದರೆ 2014ರ ಮೇ 17ರಂದು ಬಾರ್ಸಿಲೋನಾದ ಎದುರು, ಅದರ ಅಂಗಳದಲ್ಲಿಯೇ, ಚೆಂಡನ್ನು ತಲೆಯಿಂದ ಗೋಲಿಗೆ ಸೇರಿಸಿ ಪಂದ್ಯವನ್ನು ಸರಿಸಮ ಮಾಡಿದವನು ಈ ರಕ್ಷಕನೇ. ಅದರಿಂದ ಅಟ್ಲೆಟಿಕೊಗೆ 18 ವರ್ಷಗಳ ಬಳಿಕ ಸ್ಪೇನಿನ ಲೀಗ್ ಪ್ರಶಸ್ತಿ ದಕ್ಕಿತು.

ಮರುತಿಂಗಳೇ, ಬ್ರೆಜಿಲಿನಲ್ಲಿ ನಡೆದ ವಿಶ್ವಕಪ್ಪಿನಲ್ಲಿ, ಇಟಲಿಯನ್ನು ಸೋಲಿಸಿದ ಉರುಗ್ವೆಯ ಏಕೈಕ ಗೋಲೂ ಅವನದೇ! ಅನ್ನ ಹೊರನಾಡಿನದು, ನಿಷ್ಠೆ ಎರಡೂ ನಾಡುಗಳಿಗೆ. 2023ರಲ್ಲಿ ನಿವೃತ್ತನಾದ ಅವನು ತಾಯ್ನಾಡಿಗಾಗಿ ಆಡಿದ ಪಂದ್ಯಗಳು 161.

ದೂರ ಹೋದವನು ಎರವಾಗುವುದಿಲ್ಲ, ಮರೆತವನು ಎರವಾಗುತ್ತಾನೆ. ಪರನಾಡಿನ ನಗರದಲ್ಲಿದ್ದು ಕನ್ನಡ ಕಲಿಯುತ್ತಿರುವ ನಿಮಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.