ಉತ್ತರ ಗೊತ್ತಿಲ್ಲದ ಪ್ರಯೋಗ

ಬಿ.ಎಸ್ಸಿ. ಓದಿದವರನ್ನು ಒಮ್ಮೆ ಕೇಳಿ ನೋಡಿ: ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷದ ಬೆಲೆ 9.8ರ ಹತ್ತಿರಕ್ಕೂ ಬಾರದಿದ್ದಾಗ ಏನು ಮಾಡುತ್ತಿದ್ದಿರಿ? ಬಹುತೇಕರು ನಕ್ಕು ಸುಮ್ಮನಾಗುತ್ತಾರೆ. ಬರಬೇಕಾದ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ತುಂಬುವ ವಿದ್ಯೆ ನಮ್ಮ ಪ್ರಯೋಗಾಲಯಗಳಲ್ಲಿ ತಲೆಮಾರುಗಳಿಂದ ಹರಿದುಬಂದಿದೆ. ಮೂರು ವರ್ಷವೂ ಉತ್ತರ ಗೊತ್ತಿರುವ ಪ್ರಯೋಗಗಳನ್ನೇ ಮಾಡಿದ ವಿದ್ಯಾರ್ಥಿಗೆ ವಿಜ್ಞಾನವೆಂದರೇನೆಂಬುದು ಹೇಗೆ ತಿಳಿದೀತು?

ವಿದ್ಯಾರ್ಥಿದೆಸೆಯ ಸಂಶೋಧನೆ ನಮ್ಮ ನೆಲಕ್ಕೆ ಹೊಸತಲ್ಲ. ಸಿ.ವಿ. ರಾಮನ್ ಅವರ ಮೊದಲ ಲೇಖನ 1906ರಲ್ಲಿ ಲಂಡನ್ನಿನ 'ಫಿಲಸಾಫಿಕಲ್ ಮ್ಯಾಗಜೀನ್'ನಲ್ಲಿ ಅಚ್ಚಾದಾಗ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಎಂ.ಎ. ವಿದ್ಯಾರ್ಥಿ, ವಯಸ್ಸು ಹದಿನೆಂಟು. ಪ್ರಿಸಮ್ಮಿನ ಮುಖದಿಂದ ಓರೆಯಾಗಿ ಬಂದ ಬೆಳಕಿನ ಪಟ್ಟಿಗಳು ಸಮನಾಗಿಲ್ಲವೇಕೆಂಬ ಪ್ರಶ್ನೆಯೇ ಅದರ ಮೂಲ. ಅದೇ ಕಾಲೇಜಿನಲ್ಲಿ ಅವರ ಅಣ್ಣನ ಮಗ ಚಂದ್ರಶೇಖರ್ ಪದವಿ ತರಗತಿಯಲ್ಲಿದ್ದಾಗಲೇ, 1928ರಲ್ಲಿ ಊರಿಗೆ ಬಂದಿದ್ದ ಜರ್ಮನಿಯ ಸಾಮರ್‌ಫೆಲ್ಡ್ ಅವರನ್ನು ಕಂಡು ಚರ್ಚಿಸಿ, ಮರುವರ್ಷ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಆದರೆ ಇವರು ಅಸಾಮಾನ್ಯರು. ಸಾಮಾನ್ಯ ವಿದ್ಯಾರ್ಥಿಯ ಗತಿಯೇನು?

ಅಮೆರಿಕದವರು ಇದನ್ನು ಪ್ರತಿಭೆಯ ಪಾಲಿಗೆ ಬಿಡದೆ ವ್ಯವಸ್ಥೆಯನ್ನಾಗಿ ಮಾಡಿದರು. ಎಂ.ಐ.ಟಿ.ಯಲ್ಲಿ 1969ರಲ್ಲಿ ಮಾರ್ಗರೆಟ್ ಮ್ಯಾಕ್‌ವಿಕರ್ ಎಂಬ ಅಧ್ಯಾಪಕಿ ಪದವಿ ವಿದ್ಯಾರ್ಥಿಗಳನ್ನು ಸಂಶೋಧನೆಗೆ ಹಚ್ಚುವ ಯೋಜನೆಯೊಂದನ್ನು ಆರಂಭಿಸಿದರು. 1987ರಿಂದ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಬೇಸಿಗೆಯ ಸಂಶೋಧನೆಗೆ ಹಣ ಕೊಡುತ್ತ ಬಂದಿದೆ. ಅದರಲ್ಲಿ ನನ್ನ ಮನಸ್ಸಿಗೆ ಹಿಡಿಸಿದ ಅಂಶವೆಂದರೆ, ಸಂಶೋಧನೆಯ ಸೌಕರ್ಯ ಕಡಿಮೆಯಿರುವ ಸಣ್ಣ ಕಾಲೇಜುಗಳ ವಿದ್ಯಾರ್ಥಿಗಳಿಗೆ ಅಲ್ಲಿ ಬೇಕೆಂದೇ ಜಾಗ ಇಡುತ್ತಾರೆ. (ಆ ಹಣ ಅವರ ದೇಶದ ಮಕ್ಕಳಿಗೆ ಮಾತ್ರ, ಅದು ನ್ಯಾಯವೇ.)

ನಮ್ಮಲ್ಲೂ ಬೆಂಗಳೂರು, ದೆಹಲಿ, ಅಲಹಾಬಾದಿನ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ನಡೆಸುತ್ತ ಬಂದಿವೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನಿಂದ ಅದಕ್ಕೆ ಆಯ್ಕೆಯಾದಳು. ಮೂರು ವಾರ ಕಳೆದರೂ ಅವಳ ತಟ್ಟೆಯಲ್ಲಿ ಬೆಳೆಯಬೇಕಿದ್ದ ಸೂಕ್ಷ್ಮಜೀವಿ ಬೆಳೆಯಲಿಲ್ಲವಂತೆ. ಅಳುಮೋರೆ ಹಾಕಿಕೊಂಡು ಹೋದರೆ ಮಾರ್ಗದರ್ಶಕರು, "ಬೆಳೆಯಲಿಲ್ಲವೆಂದೇ ಬರೆ, ಏಕೆಂದು ಆಮೇಲೆ ನೋಡೋಣ" ಎಂದರಂತೆ. "ಬಾರದ್ದನ್ನು ಬರಲಿಲ್ಲ ಅಂತ ಬರೆಯಬಹುದು ಅನ್ನೋದೇ ನನಗೆ ಗೊತ್ತಿರಲಿಲ್ಲ ಸಾರ್" ಎಂದಳು. ವಿದೇಶದ ಪ್ರಯೋಗಾಲಯಕ್ಕೆ ಹೋಗಿಬರುವ ನಗರದ ಮಕ್ಕಳು ಕಲಿತುಬರುವುದೂ ಇದನ್ನೇ. ಉಳಿದುದೆಲ್ಲ ಪ್ರಮಾಣಪತ್ರ ಮತ್ತು ಫೋಟೋ.

ಈ ಪಾಠಕ್ಕೆ ಸಮುದ್ರ ದಾಟಬೇಕೆ? 2020ರ ಶಿಕ್ಷಣ ನೀತಿಯಂತೆ ಸಂಶೋಧನೆಗೆಂದು ನಾಲ್ಕನೆಯ ವರ್ಷ ಬಂತು. 2021ರಲ್ಲಿ ಆ ನೀತಿಯನ್ನು ಜಾರಿಗೆ ತಂದ ಕರ್ನಾಟಕ, 2024–25ರಿಂದ ಮೂರು ವರ್ಷದ ಪದವಿಗೆ ಮರಳಿತು. ನನಗೇನೂ ದುಃಖವಿಲ್ಲ. ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆಯುವ ತಾಲ್ಲೂಕು ಕಾಲೇಜುಗಳಲ್ಲಿ ಆ ವರ್ಷ ಹೆಸರಿಗಷ್ಟೇ ಉಳಿಯುತ್ತಿತ್ತು. ಆದರೆ ನೀತಿಯ ಜಗಳದಲ್ಲಿ ಸಂಶೋಧನೆಯ ಮಾತೇ ಮರೆತುಹೋಗಬಾರದು. ಪಾವಗಡದಂಥ ಊರಿನ ಕೊಳವೆಬಾವಿಗಳಲ್ಲಿ ಫ್ಲೋರೈಡಿದೆ. ಮಳೆಗಾಲಕ್ಕೂ ಬೇಸಿಗೆಗೂ ಅದರ ಪ್ರಮಾಣ ಎಷ್ಟು ಬದಲಾಗುತ್ತದೆಂದು ಅಲ್ಲಿಯ ರಸಾಯನಶಾಸ್ತ್ರದ ವಿದ್ಯಾರ್ಥಿಗಳೇ ವರ್ಷವಿಡೀ ಅಳೆಯಬಹುದಲ್ಲ. ಇಂಥ ಒಂದು ಪ್ರಯೋಗ ಪ್ರತಿ ವಿದ್ಯಾರ್ಥಿಗೂ ಕಡ್ಡಾಯವಾಗಲಿ, ಅಧ್ಯಾಪಕರಿಗೆ ಅದಕ್ಕೆ ಬಿಡುವು ಸಿಗಲಿ. ಅಕಾಡೆಮಿಗಳ ಫೆಲೋಶಿಪ್ಪಿಗೆ ಅಧ್ಯಾಪಕರೂ ಅರ್ಜಿ ಹಾಕಬಹುದೆಂಬುದನ್ನು ಪ್ರಾಂಶುಪಾಲರು ಸೂಚನಾ ಫಲಕದಲ್ಲಿ ಹಾಕಲಿ. ನಿರೀಕ್ಷಿಸಿದ ಫಲಿತಾಂಶ ಬರಲಿಲ್ಲವೆಂದು ಪರೀಕ್ಷಕರು ಮಾತ್ರ ಅಂಕ ಕಳೆಯದಿರಲಿ.