ನೆರೆಯವರ ಪ್ರಶ್ನೆಗೆ ನಮ್ಮ ಉತ್ತರವೇನು?

ಮತಾಂತರ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಕರಾವಳಿಯ ಕ್ರೈಸ್ತರು ಸುಮ್ಮನಾಗಿ ಬಿಡುತ್ತಾರೆ. ಇದಕ್ಕೆ ಕಾರಣಗಳಿಲ್ಲದೆ ಇಲ್ಲ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠಕ್ಕೆ ನುಗ್ಗಿ ಪವಿತ್ರ ವಸ್ತುಗಳನ್ನು ಹಾಳುಗೆಡವಿದ ನೆನಪು ಇನ್ನೂ ಮಾಸಿಲ್ಲ. ಆ ಬಳಿಕ 2021ರ ಡಿಸೆಂಬರ್‌ನಲ್ಲಿ ಮತಾಂತರ ನಿಷೇಧ ಮಸೂದೆ ವಿಧಾನಸಭೆಯಲ್ಲಿ ಅಂಗೀಕಾರವಾಯಿತು. 2022ರ ಮೇ ತಿಂಗಳಲ್ಲಿ ಅದು ಸುಗ್ರೀವಾಜ್ಞೆಯಾಗಿ ಬಂತು, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕಾಯಿದೆಯಾಯಿತು. 2023ರ ಜೂನ್‌ನಲ್ಲಿ ಹೊಸ ಸರಕಾರದ ಸಚಿವ ಸಂಪುಟ ಅದನ್ನು ಹಿಂಪಡೆಯುವ ನಿರ್ಧಾರ ಕೈಗೊಂಡಿತು. ಈ ಎಲ್ಲ ಗದ್ದಲದ ನಡುವೆ ಒಂದು ಸರಳ ಪ್ರಶ್ನೆ ಮರೆತು ಹೋಗಿದೆ. ನಮ್ಮ ವಿಶ್ವಾಸದ ಬಗ್ಗೆ ನೆರೆಯವರು ಪ್ರೀತಿಯಿಂದ ಕೇಳಿದಾಗ ನಾವು ಏನು ಹೇಳಬೇಕು?

ಮೊದಲು ಕಾಯಿದೆಯನ್ನೇ ನೋಡೋಣ. ಬಲವಂತ, ವಂಚನೆ, ಆಮಿಷಗಳ ಮೂಲಕ ಮತಾಂತರ ಕೂಡದು ಎನ್ನುವುದಕ್ಕೆ ಯಾರದ್ದೂ ತಕರಾರಿಲ್ಲ. ತಕರಾರಿರುವುದು ಇತರ ಅಂಶಗಳ ಬಗ್ಗೆ. ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣದ ಕೊಡುಗೆಯನ್ನೂ ಅದು ಆಮಿಷದ ಪಟ್ಟಿಗೆ ಸೇರಿಸಿತು. ಮತಾಂತರವಾಗಲು ಬಯಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದಿತು. ಸಂಬಂಧಿಕರು ಮಾತ್ರವಲ್ಲ, ಸಹೋದ್ಯೋಗಿಯೂ ದೂರು ಕೊಡಬಹುದು ಎಂದಿತು. ತಾನು ನಿರಪರಾಧಿ ಎಂದು ಸಾಬೀತು ಪಡಿಸುವ ಹೊಣೆಯನ್ನು ಆರೋಪಿಯ ತಲೆಗೇ ಕಟ್ಟಿತು. ಹಿಮಾಚಲ ಪ್ರದೇಶದಲ್ಲೂ ಇಂಥದೇ ಮುಂಚಿತ ನೋಟಿಸಿನ ನಿಯಮವಿತ್ತು. ಮನಸ್ಸಾಕ್ಷಿ ವ್ಯಕ್ತಿಯ ಖಾಸಗಿ ವಿಷಯ ಎಂಬ ಕಾರಣಕ್ಕೆ ಅಲ್ಲಿನ ಹೈಕೋರ್ಟ್ ಅದನ್ನು 2012ರಲ್ಲಿ ರದ್ದುಗೊಳಿಸಿದ್ದನ್ನು ಇಲ್ಲಿ ನೆನಪಿಸಬೇಕು.

ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ ಹಕ್ಕಿನೊಂದಿಗೆ ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಈ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ತೀರ್ಪು ನೀಡಿತು. ತೀರ್ಪಿನ ಬಗ್ಗೆ ಕಾನೂನು ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಅದೇ ತೀರ್ಪು ತನ್ನ ಧರ್ಮದ ತತ್ವಗಳನ್ನು ವಿವರಿಸಿ ಹೇಳುವ ಹಕ್ಕನ್ನು ಎತ್ತಿ ಹಿಡಿದಿದೆ ಎಂಬುದನ್ನು ನಮ್ಮವರಲ್ಲಿ ಅನೇಕರು ತಿಳಿದಿಲ್ಲ. ಕೇಳಿದವರಿಗೆ ಉತ್ತರಿಸುವುದು ಅಪರಾಧವಲ್ಲ.

'ಪ್ರಚಾರ' ಎಂಬ ಆ ಪದ ಸಂವಿಧಾನದಲ್ಲಿ ಉಳಿದ ಕಥೆಯೂ ತಿಳಿಯತಕ್ಕದ್ದು. 1948ರ ಡಿಸೆಂಬರ್ 6ರಂದು ಸಂವಿಧಾನ ಸಭೆಯಲ್ಲಿ ಅದನ್ನು ತೆಗೆದು ಹಾಕಬೇಕೆಂಬ ಒತ್ತಾಯ ಬಂತು. ಮಂಗಳೂರಿನಲ್ಲಿ ಹುಟ್ಟಿದ ಜೆಸ್ವಿತ್ ಗುರು ಜೆರೋಮ್ ಡಿಸೋಜರು ಆ ಸಭೆಯ ಸದಸ್ಯರಾಗಿದ್ದರು. ಆದರೆ ಅಂದು ಆ ಪದದ ಪರವಾಗಿ ಗಟ್ಟಿಯಾಗಿ ನಿಂತವರಲ್ಲಿ ಕೆ. ಎಂ. ಮುನ್ಶಿ, ಟಿ. ಟಿ. ಕೃಷ್ಣಮಾಚಾರಿಯವರಂಥ ಹಿಂದೂ ಮುಖಂಡರಿದ್ದರು. ತಾನು ಸುಮಾರು 14 ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಕಲಿತಿದ್ದರೂ ತನ್ನನ್ನು ಮತಾಂತರಿಸುವ ಪ್ರಯತ್ನ ನಡೆಯಲಿಲ್ಲ ಎಂದು ಕೃಷ್ಣಮಾಚಾರಿಯವರು ಸಭೆಗೆ ತಿಳಿಸಿದರು. ಹೆಸರು ಗೊತ್ತಿಲ್ಲದ ಆ ಅಧ್ಯಾಪಕರು ತಮ್ಮ ವಿಶ್ವಾಸವನ್ನು ಅಡಗಿಸಿಟ್ಟವರಲ್ಲ, ಹುಡುಗನ ಮೇಲೆ ಹೇರಿದವರೂ ಅಲ್ಲ. ಅವರು ಗಳಿಸಿದ ನಂಬಿಕೆಯೇ ಮುಂದೊಂದು ದಿನ ಸಂವಿಧಾನ ಸಭೆಯಲ್ಲಿ ನಮ್ಮ ಪರವಾಗಿ ಮಾತಾಡಿತು. ವಿಶ್ವಾಸವನ್ನು ಹಂಚಿಕೊಳ್ಳುವುದು ಎಂದರೆ ಏನೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಧರ್ಮಸಭೆಯ ಬೋಧನೆಯೂ ಇದೇ ಆಗಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಕುರಿತು ನೀಡಿದ ಘೋಷಣೆಯಲ್ಲಿ, ವಿಶ್ವಾಸ ಪ್ರಸಾರದಲ್ಲಿ ಒತ್ತಾಯದ ವಾಸನೆಯೂ ಇರಬಾರದು, ಅದರಲ್ಲೂ ಬಡವರು ಮತ್ತು ಅವಿದ್ಯಾವಂತರ ವಿಷಯದಲ್ಲಿ ಎಚ್ಚರ ಬೇಕು ಎಂದು ತಿಳಿಸಿತು. ಧರ್ಮಸಭೆ ಬೆಳೆಯುವುದು ಆಕರ್ಷಣೆಯಿಂದಲೇ ಹೊರತು ಮತಾಂತರದ ಅಬ್ಬರದಿಂದಲ್ಲ ಎಂಬುದನ್ನು ಪೋಪ್ 16ನೇ ಬೆನೆಡಿಕ್ಟರು 2007ರಲ್ಲಿ ಬ್ರೆಜಿಲಿನಲ್ಲಿ ಹೇಳಿದರು. ಪೋಪ್ ಫ್ರಾನ್ಸಿಸರು 2013ರಲ್ಲಿ ಅದನ್ನೇ ಪುನರುಚ್ಚರಿಸಿದರು. 2011ರಲ್ಲಿ ವ್ಯಾಟಿಕನ್, ಚರ್ಚುಗಳ ವಿಶ್ವ ಮಂಡಳಿ ಹಾಗೂ ಇವಾಂಜೆಲಿಕಲ್ ಪಂಗಡಗಳ ವಿಶ್ವ ಒಕ್ಕೂಟ ಒಟ್ಟಾಗಿ ಕ್ರೈಸ್ತ ಸಾಕ್ಷ್ಯದ ನೀತಿಸೂತ್ರಗಳನ್ನು ಹೊರಡಿಸಿದವು. ಆಮಿಷ ಸಲ್ಲದು, ಧರ್ಮ ಬದಲಿಸುವ ಹೆಜ್ಜೆಗೆ ಸಾಕಷ್ಟು ಕಾಲ ಮತ್ತು ಚಿಂತನೆ ಬೇಕು ಎಂಬುದು ಅದರಲ್ಲಿದೆ. ನಮ್ಮಲ್ಲಿ ವಯಸ್ಕರ ಜ್ಞಾನಸ್ನಾನಕ್ಕೆ ಮೊದಲು ದೀರ್ಘ ಕಾಲದ ಸಿದ್ಧತೆ ಕಡ್ಡಾಯವಾಗಿರುವುದೂ ಇದಕ್ಕೇ. ರಾತ್ರಿ ಬೆಳಗಾಗುವುದರೊಳಗೆ ಯಾರನ್ನೂ ಕ್ರೈಸ್ತರನ್ನಾಗಿ ಮಾಡುವ ಪದ್ಧತಿ ಕಥೊಲಿಕ್ ಧರ್ಮಸಭೆಯಲ್ಲಿ ಇಲ್ಲ.

ಹಾಗಿದ್ದರೂ ಒಂದು ಮಾತನ್ನು ನಾವು ನೇರವಾಗಿ ಹೇಳಬೇಕು. ನಮ್ಮ ಧರ್ಮಕೇಂದ್ರಗಳ ಮೌನಕ್ಕೆ ಭಯವೊಂದೇ ಕಾರಣವಲ್ಲ, ತಿಳುವಳಿಕೆಯ ಕೊರತೆಯೂ ಕಾರಣ. ಮೊಂತಿ ಹಬ್ಬದ ದಿನ ಆಶೀರ್ವದಿಸಿದ ತೆನೆಯನ್ನು ನೋಡಿ ಪಕ್ಕದ ಮನೆಯವರು "ಇದು ಯಾಕೆ?" ಎಂದು ಕೇಳುತ್ತಾರೆ. ಅತ್ತೂರು ಜಾತ್ರೆಗೆ ಮೇಣದ ಬತ್ತಿ ಹಿಡಿದು ಬರುವ ಸಾವಿರಾರು ಹಿಂದೂ ಬಾಂಧವರಲ್ಲಿ ಕೆಲವರು ಸಂತ ಲಾರೆನ್ಸರು ಯಾರೆಂದು ಕೇಳುತ್ತಾರೆ. ಶುಭ ಶುಕ್ರವಾರ ಕಚೇರಿಯಲ್ಲಿ ಗೆಳೆಯರು, "ಶಿಲುಬೆಯ ಮೇಲೆ ಸತ್ತವರು ದೇವರು ಹೇಗಾದರು?" ಎನ್ನುತ್ತಾರೆ. ಇವು ಜಗಳದ ಪ್ರಶ್ನೆಗಳಲ್ಲ. ಆದರೆ ದೃಢೀಕರಣ ಸಂಸ್ಕಾರದೊಂದಿಗೆ ಧರ್ಮೋಪದೇಶದ ಪುಸ್ತಕವನ್ನು ಅಟ್ಟಕ್ಕೆ ಎಸೆದವರಲ್ಲಿ ಉತ್ತರ ಎಲ್ಲಿಂದ ಬರಬೇಕು? "ನಮ್ಮ ಹಿರಿಯರು ಮಾಡುತ್ತಿದ್ದರು, ನಾವೂ ಮಾಡುತ್ತೇವೆ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ನಾವು ಹೇಳದೆ ಬಿಟ್ಟದ್ದನ್ನು ಬೇರೆಯವರು ಹೇಳುತ್ತಾರೆ, ವಾಟ್ಸಪ್ ಸಂದೇಶಗಳು ಹೇಳುತ್ತವೆ. ಸಂಶಯ ಬೆಳೆಯುವುದು ಹೀಗೆಯೇ.

ಸಂತ ಪೇತ್ರರು ಹಿಂಸೆಯ ಕಾಲದಲ್ಲಿದ್ದ ಕ್ರೈಸ್ತರಿಗೆ ಬರೆದ ಮೊದಲ ಪತ್ರದಲ್ಲಿ, ನಿಮ್ಮ ಭರವಸೆಗೆ ಕಾರಣ ಕೇಳುವವರಿಗೆ ಉತ್ತರಿಸಲು ಸದಾ ಸಿದ್ಧರಿರಬೇಕು, ಆದರೆ ಸೌಮ್ಯತೆಯಿಂದಲೂ ಗೌರವದಿಂದಲೂ ಉತ್ತರಿಸಬೇಕು ಎಂದು ತಿಳಿಸುತ್ತಾರೆ. ಕಷ್ಟಕಾಲದಲ್ಲಿ ಬಾಯಿ ಮುಚ್ಚಿಕೊಂಡಿರಿ ಎಂದು ಅವರು ಬರೆಯಲಿಲ್ಲ. ಎದುರು ವಾದಿಸಿ ಸೋಲಿಸಿರಿ ಎಂದೂ ಬರೆಯಲಿಲ್ಲ.

ಇದನ್ನು ನಮ್ಮ ವಾಳೆಗಳ ಮಟ್ಟಕ್ಕೆ ತರುವುದು ಕಷ್ಟವೇನಲ್ಲ. ವಾಳೆಯ ಕೂಟದಲ್ಲಿ ತಿಂಗಳಿಗೊಮ್ಮೆ ಅರ್ಧ ಗಂಟೆ, ನೆರೆಯವರು ಕೇಳಿದ ಪ್ರಶ್ನೆಗಳನ್ನೇ ಎತ್ತಿಕೊಂಡು ಕನ್ನಡದಲ್ಲಿ, ತುಳುವಿನಲ್ಲಿ ಉತ್ತರಿಸಲು ಕಲಿಯಬಹುದು. ಕೊಂಕಣಿಯ ಪ್ರಾರ್ಥನೆ ಬಾಯಿಪಾಠ ಬಂದರೂ ಅದರ ಅರ್ಥವನ್ನು ನೆರೆಯವರ ಭಾಷೆಯಲ್ಲಿ ಹೇಳಲು ಬಾರದಿದ್ದರೆ ಪ್ರಯೋಜನವಿಲ್ಲ. ಉತ್ತರಿಸುವಾಗ ಇನ್ನೊಂದು ಧರ್ಮದ ದೇವರು, ಆಚರಣೆಗಳನ್ನು ಹೋಲಿಸಿ ಹಳಿಯುವ ಮಾತು ಬರಕೂಡದು. 2008ರಲ್ಲಿ ಬೇರೊಂದು ಪಂಗಡದ ಪುಸ್ತಿಕೆಯ ಮೇಲಿನ ಇಂಥ ಆರೋಪವನ್ನೇ ದಾಳಿಕೋರರು ನೆಪ ಮಾಡಿಕೊಂಡರು. ಆ ದಾಳಿಗೆ ಯಾವ ಸಮರ್ಥನೆಯೂ ಇಲ್ಲ. ಆದರೆ ಹಳಿಯುವ ಮಾತು ಶುಭಸಂದೇಶವೂ ಅಲ್ಲ. ವಿನ್ಸೆಂಟ್ ಪಾವ್ಲ್ ಸಭೆಯ ಅಕ್ಕಿ, ಆಸ್ಪತ್ರೆಯ ರಿಯಾಯಿತಿ, ಶಾಲೆಯ ಸೀಟು ಇವುಗಳ ಜೊತೆ ಧರ್ಮದ ಮಾತನ್ನು ಎಂದೂ ಕಟ್ಟಬಾರದು. ಹಸಿದವರಿಗೆ ಅನ್ನ ಕೊಡುವುದು ಅವರು ಹಸಿದಿದ್ದಾರೆ ಎಂಬ ಕಾರಣಕ್ಕೆ ಮಾತ್ರ. ಕೊನೆಯದಾಗಿ, ಅವರು ತಮ್ಮ ವಿಶ್ವಾಸದ ಬಗ್ಗೆ ಹೇಳುವಾಗ ನಾವೂ ಕಿವಿಗೊಡಬೇಕು. ಕೇಳಿಸಿಕೊಳ್ಳದವರ ಮಾತನ್ನು ಯಾರೂ ಕೇಳುವುದಿಲ್ಲ.

ಪ್ರಿಯ ಓದುಗರೇ, ಕಾಯಿದೆಗಳು ಸರಕಾರದೊಂದಿಗೆ ಬರುತ್ತವೆ, ಸರಕಾರದೊಂದಿಗೆ ಬದಲಾಗುತ್ತವೆ. ಅನ್ಯಾಯದ ಕಾಯಿದೆಯನ್ನು ನ್ಯಾಯಾಲಯದಲ್ಲಿ, ಸಂವಿಧಾನದ ದಾರಿಯಲ್ಲಿ ಪ್ರಶ್ನಿಸೋಣ. ಅದು ನಮ್ಮ ಹಕ್ಕು. ಆದರೆ ಬೇಲಿಯಾಚೆಯಿಂದ ಬರುವ ಪ್ರಶ್ನೆಗೆ ಯಾವ ವಕೀಲರೂ ನಮ್ಮ ಬದಲಿಗೆ ಉತ್ತರಿಸಲಾರರು. ಮುಂದಿನ ಸೆಪ್ಟೆಂಬರ್ 8ರಂದು ತೆನೆ ಯಾಕೆಂದು ಯಾರಾದರೂ ಕೇಳಿದರೆ, ಹೊಸ ಬೆಳೆಗಾಗಿ ದೇವರಿಗೆ ಕೃತಜ್ಞತೆ, ತಾಯಿ ಮರಿಯಮ್ಮನವರ ಹುಟ್ಟುಹಬ್ಬದ ಸಂತೋಷ ಎಂದು ನಗುನಗುತ್ತಾ ಹೇಳಿ ಒಂದು ಲೋಟ ಪಾಯಸ ಕೊಡೋಣ. ಹೆಚ್ಚು ತಿಳಿಯಬೇಕೆಂದರೆ ಹೇಳೋಣ. ಬೇಡವೆಂದರೆ ಪಾಯಸ ಹೇಗಿದೆಯೆಂದು ಕೇಳೋಣ.